ರೋಗಿಯ ಗುಟ್ಟು, ಸರ್ಕಾರದ ಕಡತ: ಮಾಹಿತಿ ಹಕ್ಕಿನ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರಿಸುವವರು ಆರೋಗ್ಯ ಇಲಾಖೆಯಲ್ಲಿ ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡಿ, ಆರ್‌ಟಿಐ ಅರ್ಜಿಗಳ ಪ್ರಥಮ ಮೇಲ್ಮನವಿ ಪ್ರಾಧಿಕಾರಿಯೂ ಆಗಿದ್ದು ನಿವೃತ್ತರಾದ ವೈದ್ಯೆ. ಹೆಸರು ಬೇಡ ಅಂದಿದ್ದಾರೆ, ಮೇಡಂ ಅಂತಲೇ ಕರೆಯೋಣ. ರೋಗಿ, ವೈದ್ಯರು, ಆಸ್ಪತ್ರೆ, ಯಾರ ಹೆಸರನ್ನೂ ಹಾಕಬೇಡಿ. ಹಾಕಿದ ಪೋಸ್ಟ್ ಅಳಿಸುತ್ತೇನೆ, ಆಮೇಲೆ ಜಗಳ ಬೇಡ.

ಪ್ರಶ್ನೆ (ಹೆಸರು ಮರೆಮಾಡಿದ ಸದಸ್ಯರು): ಮೇಡಂ ನಮಸ್ಕಾರ. ನಮ್ಮ ತಂದೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆದ ಮೇಲೆ ತೀರಿಕೊಂಡರು. ನಿಯಂತ್ರಣ ಸಂಸ್ಥೆಯೊಂದಕ್ಕೆ ದೂರು ಕೊಟ್ಟೆವು. ವಿಚಾರಣೆ ಮುಗಿದು 'ನಿರ್ಲಕ್ಷ್ಯ ಸಾಬೀತಾಗಿಲ್ಲ, ದೂರು ಮುಕ್ತಾಯ' ಎಂದು ಎರಡು ಸಾಲಿನ ಪತ್ರ ಬಂತು. ಯಾಕೆ ಅಂತ ತಿಳಿಯೋಣ ಎಂದು ಆರ್‌ಟಿಐನಲ್ಲಿ 'ಸಂಪೂರ್ಣ ಕಡತದ ದೃಢೀಕೃತ ಪ್ರತಿ' ಕೇಳಿದೆ. 'ರೋಗಿಯ ಖಾಸಗಿತನಕ್ಕೆ ಧಕ್ಕೆಯಾಗುವುದರಿಂದ ನೀಡಲಾಗದು' ಎಂದು ಉತ್ತರ. ರೋಗಿ ನಮ್ಮಪ್ಪನೇ ಅಲ್ವಾ ಮೇಡಂ?

ಉತ್ತರ: ಹೌದು, ನಿಮ್ಮಪ್ಪನೇ. ಇಂಥ ಹಿಂಬರಹಗಳ ಮೇಲೆ ವರ್ಷಗಟ್ಟಲೆ ಮೇಲ್ಮನವಿ ಕೇಳಿದವಳು ನಾನು. ಇದು ಅಧಿಕಾರಿಗಳ ಕೈಗೆ ಬೇಗ ಸಿಗುವ ಸಾಲು, ಅಷ್ಟೇ. ರೋಗಿಯ ಗುಟ್ಟನ್ನು ಕಾಪಾಡಬೇಕು ಅನ್ನುವ ನಿಯಮ ಇರುವುದು ರೋಗಿಗೋಸ್ಕರ. ಬದುಕಿದ್ದರೆ ನಿಮಗೂ ಅವರ ಒಪ್ಪಿಗೆ ಪತ್ರ ಬೇಕಿತ್ತು, ಮಗ ಅಂದ ಮಾತ್ರಕ್ಕೆ ಕೊಡುವಂತಿಲ್ಲ. ಈಗ ನೀವು ವಾರಸುದಾರರು, ಜೊತೆಗೆ ದೂರುದಾರರು. ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ ಕೇಳಿದರೆ 'ರೋಗಿಯ ಖಾಸಗಿತನ' ಎಂಬ ಮಾತು ನಿಲ್ಲುವುದಿಲ್ಲ.

ಆದರೆ ನಿಮ್ಮ ಅರ್ಜಿಯಲ್ಲೂ ಒಂದು ಎಡವಟ್ಟಿದೆ. 'ಸಂಪೂರ್ಣ ಕಡತ' ಅಂದುಬಿಟ್ಟಿರಿ. ಆ ಕಡತದಲ್ಲಿ ಏನೇನಿರುತ್ತದೆ ನೋಡಿ: ನಿಮ್ಮ ದೂರು, ಆಸ್ಪತ್ರೆಯ ಕೇಸ್ ಶೀಟ್, ವೈದ್ಯರ ಲಿಖಿತ ಹೇಳಿಕೆ, ಅವರ ಪ್ರಮಾಣಪತ್ರಗಳು, ಮನೆ ವಿಳಾಸ, ತಜ್ಞರ ಅಭಿಪ್ರಾಯ, ಕಚೇರಿಯ ಟಿಪ್ಪಣಿ ಹಾಳೆ, ಕೊನೆಗೆ ಆದೇಶ. ಕೆಲವೊಮ್ಮೆ ವೈದ್ಯರು 'ಇಂಥದ್ದೇ ಕೇಸು ಬೇರೆಯವರಿಗೂ ಮಾಡಿದ್ದೇನೆ' ಎಂದು ಬೇರೆ ರೋಗಿಗಳ ದಾಖಲೆಯನ್ನೂ ಲಗತ್ತಿಸಿರುತ್ತಾರೆ. ಒಟ್ಟಿಗೆ ಕೇಳಿದಾಗ ಕೊಡಬಾರದ ಒಂದು ಹಾಳೆ ತೋರಿಸಿ ಕೊಡಬೇಕಾದ ಐವತ್ತನ್ನೂ ತಡೆಯುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 10 ಇರುವುದೇ ಇದಕ್ಕೆ. ಕೊಡಬಾರದ ಭಾಗ ಬೇರ್ಪಡಿಸಿ ಉಳಿದದ್ದು ಕೊಡಿ ಅನ್ನುತ್ತದೆ. ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ.

ಕೇಸ್ ಶೀಟಿಗೆ ಆರ್‌ಟಿಐ ದಾರಿಯೇ ಬೇಡ. ಆಸ್ಪತ್ರೆಗೆ ನೇರ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಒಳರೋಗಿ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು ಎಂದೂ ಅದೇ ನಿಯಮಾವಳಿ ಹೇಳುತ್ತದೆ, ಹಾಗಾಗಿ ತಡ ಮಾಡಬೇಡಿ.

ನಿಯಂತ್ರಣ ಸಂಸ್ಥೆಯಿಂದ ಕೇಳಬೇಕಾದದ್ದು ಅವರ ಸ್ವಂತ ಕೆಲಸದ ಲೆಕ್ಕ. ವಿಚಾರಣೆ ಎಷ್ಟು ಸಲ ನಡೆಯಿತು, ತಜ್ಞರ ಅಭಿಪ್ರಾಯ ಏನು, ಯಾವ ಆಧಾರದ ಮೇಲೆ ಮುಕ್ತಾಯ. ಸೆಕ್ಷನ್ 4(1)(ಡಿ) ಅಂತ ಒಂದಿದೆ, ಯಾರೂ ಬಳಸುವುದಿಲ್ಲ. ಆಡಳಿತಾತ್ಮಕ ಅಥವಾ ಅರೆನ್ಯಾಯಿಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಪ್ರಾಧಿಕಾರದ ಕರ್ತವ್ಯ ಎನ್ನುತ್ತದೆ. ನೀವು ಬಾಧಿತರು. ಎರಡು ಸಾಲಿನ ಪತ್ರ ಕಾರಣ ಅನ್ನಿಸಿಕೊಳ್ಳುವುದಿಲ್ಲ. ತಜ್ಞರ ಹೆಸರು ಬೇಕಾದರೆ ಮುಚ್ಚಲಿ, ಅಭಿಪ್ರಾಯ ಮುಚ್ಚುವಂತಿಲ್ಲ ಅನ್ನುವುದು ನನ್ನ ನಿಲುವು.

ಅದೇ ಸದಸ್ಯರು: ಫೋನ್ ಮಾಡಿದರೆ 'ಹೊಸ ಕಾನೂನು ಬಂದಿದೆ, ಈಗ ಯಾರ ವೈಯಕ್ತಿಕ ಮಾಹಿತಿಯನ್ನೂ ಕೊಡೋ ಹಾಗಿಲ್ಲ' ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಆ ಅರ್ಧವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ, ಮುಂದೆ ಎಲ್ಲ ಕಚೇರಿಯಲ್ಲೂ ಇದೇ ಮಾತು ಕೇಳುತ್ತೀರಿ.

2005ರ ಕಾಯ್ದೆಯ ಸೆಕ್ಷನ್ 8(1)(ಜೆ) ಮೊದಲು ಹೀಗಿತ್ತು: ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ಅದಕ್ಕೆ ಸಾರ್ವಜನಿಕ ಚಟುವಟಿಕೆಯ ಸಂಬಂಧ ಇರಬಾರದು, ಅಥವಾ ಅದನ್ನು ಕೊಡುವುದು ಖಾಸಗಿತನದ ಮೇಲೆ ಅನಗತ್ಯ ದಾಳಿಯಾಗಬೇಕು. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಆಗಲೂ ಕೊಡಬಹುದು. ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂಬ ಸಾಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಇದೆಲ್ಲವನ್ನೂ ಒರೆಸಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು.

ಒಂದು ಮಾತು ಹೇಳಿಬಿಡುತ್ತೇನೆ. ಅದೇ ಕಾಯ್ದೆಯಲ್ಲಿ ಆಸ್ಪತ್ರೆ, ಲ್ಯಾಬ್, ವಿಮಾ ಕಂಪನಿಗಳು ನಿಮ್ಮ ದತ್ತಾಂಶವನ್ನು ಹೇಗೆ ಜೋಪಾನ ಮಾಡಬೇಕು ಎಂಬ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆರ್‌ಟಿಐ ಬಾಗಿಲು ಹಾಕುವ ಸಾಲಿಗೆ ಒಂದು ದಿನದ ಅವಕಾಶವೂ ಬೇಕಾಗಲಿಲ್ಲ, ಅಂದೇ ಜಾರಿ. ಖಾಸಗಿತನದ ಕಾಳಜಿ ಯಾರ ಕಡೆ ವಾಲಿದೆ ಅಂತ ನೀವೇ ಲೆಕ್ಕ ಹಾಕಿ.

ಆದರೂ ಕೈ ಚೆಲ್ಲಬೇಕಿಲ್ಲ. ಸೆಕ್ಷನ್ 8(2) ಹಾಗೇ ಇದೆ: ಯಾವ ವಿನಾಯಿತಿ ಇದ್ದರೂ, ಮಾಹಿತಿ ಹೊರಬರುವ ಸಾರ್ವಜನಿಕ ಹಿತ ಆಗುವ ಹಾನಿಗಿಂತ ಹೆಚ್ಚಿದ್ದರೆ ಪ್ರಾಧಿಕಾರ ಕೊಡಬಹುದು. ಮೊದಲು ಅಧಿಕಾರಿ ತೂಗಲೇಬೇಕಿತ್ತು, ಈಗ ತೂಗಿ ನೋಡಿ ಎಂದು ನೀವು ಬರೆದು ಕೇಳಬೇಕು. ನಿರಾಕರಣೆ ಸರಿ ಎಂದು ಸಾಬೀತು ಮಾಡುವ ಹೊರೆ ಇವತ್ತಿಗೂ ಅಧಿಕಾರಿಯದ್ದೇ, ಅದು ಸೆಕ್ಷನ್ 19(5). ಮುಖ್ಯವಾಗಿ, ನಿಮ್ಮ ತಂದೆಯ ಸಾವಿನ ಬಗ್ಗೆ ಕೊಟ್ಟ ದೂರನ್ನು ಸಂಸ್ಥೆ ಹೇಗೆ ವಿಲೇವಾರಿ ಮಾಡಿತು ಅನ್ನುವುದು ಯಾರ ವೈಯಕ್ತಿಕ ಮಾಹಿತಿ? ಯಾರದ್ದೂ ಅಲ್ಲ. ಅದು ಕಚೇರಿಯ ಕೆಲಸ.

ಪ್ರಶ್ನೆ (ಮಂಡ್ಯ ಕಡೆಯ ಸದಸ್ಯೆ, ಮಹಿಳಾ ಸಂಘಟನೆಯಲ್ಲಿದ್ದಾರೆ): ಮೇಡಂ, 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೀತಿದ್ದದ್ದು ಬಯಲಾದ ಮೇಲೆ ನಾವು ಸ್ಕ್ಯಾನಿಂಗ್ ಸೆಂಟರ್‌ಗಳ ಫಾರ್ಮ್ ಎಫ್ ಕೇಳೋಣ ಅಂದುಕೊಂಡೆವು. ಕೆಲವರು ಅದು ಹೆಣ್ಣುಮಕ್ಕಳ ಗುಟ್ಟು, ಕೇಳಬಾರದು ಅಂತಾರೆ. ಏನು ಮಾಡೋಣ?

ಉತ್ತರ: ಕೇಳಬೇಡಿ ಅಂದವರು ಸರಿಯಾಗೇ ಹೇಳಿದ್ದಾರೆ. ಆದರೆ ಅಲ್ಲಿಗೇ ನಿಲ್ಲಬೇಡಿ.

ಫಾರ್ಮ್ ಎಫ್ ನೋಡಿದ್ದೀರಾ? ಗರ್ಭಿಣಿಯ ಹೆಸರು, ವಯಸ್ಸು, ಗಂಡನ ಅಥವಾ ತಂದೆಯ ಹೆಸರು, ಪೂರ್ತಿ ವಿಳಾಸ, ಫೋನ್, ಈಗಾಗಲೇ ಎಷ್ಟು ಗಂಡು ಎಷ್ಟು ಹೆಣ್ಣು, ಕೊನೆಯ ಮುಟ್ಟಿನ ದಿನ, ಸ್ಕ್ಯಾನ್ ಯಾಕೆ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಎರಡು ಹೆಣ್ಣಿದ್ದು ಮೂರನೆಯದಕ್ಕೆ ಸ್ಕ್ಯಾನ್ ಮಾಡಿಸಿದವಳ ಹಾಳೆ ಊರಿನಲ್ಲಿ ಯಾರ ಕೈಗೋ ಸಿಕ್ಕರೆ ಅವಳು ತಪ್ಪು ಮಾಡಿರಲಿ ಬಿಡಲಿ, ಮಾತು ಶುರುವಾಗುತ್ತದೆ. ಅತ್ತೆಮನೆಯಲ್ಲಿ ಅವಳ ಗತಿ ಏನಾಗುತ್ತದೆ ಅಂತ ನಾನು ನಿಮಗೆ ಹೇಳಬೇಕಿಲ್ಲ.

ಆ ಹಾಳೆಯನ್ನು ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯಡಿಯ ಸಕ್ಷಮ ಪ್ರಾಧಿಕಾರ ನೋಡಬೇಕು, ನೋಡಲೇಬೇಕು. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಪ್ರತಿ ಸೆಂಟರ್ ಹಿಂದಿನ ತಿಂಗಳ ವರದಿಯನ್ನು 5ನೇ ತಾರೀಕಿನೊಳಗೆ ಕಳಿಸಬೇಕು. ಫಾರ್ಮ್ ತುಂಬದಿರುವುದು ಬರೀ ಗುಮಾಸ್ತರ ತಪ್ಪು, ಅದಕ್ಕೆ ಕ್ರಿಮಿನಲ್ ಕೇಸ್ ಯಾಕೆ ಎಂದು ವೈದ್ಯರ ಸಂಘ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2019ರಲ್ಲಿ ಕೋರ್ಟ್ ಒಪ್ಪಲಿಲ್ಲ, ಆ ಫಾರ್ಮೇ ಕಾಯ್ದೆಯ ಬುನಾದಿ ಎಂಬಂತೆ ಎತ್ತಿಹಿಡಿಯಿತು.

ನಿಮ್ಮ ಕೆಲಸ ಆ ಪ್ರಾಧಿಕಾರ ನಿದ್ದೆ ಮಾಡುತ್ತಿದೆಯಾ ಅಂತ ನೋಡುವುದು. ಹಾಗಾಗಿ ಕೇಳಿ: ಜಿಲ್ಲೆಯಲ್ಲಿ ನೋಂದಾಯಿತ ಯಂತ್ರಗಳು ಎಷ್ಟು, ಎಲ್ಲಿ. ತಿಂಗಳವಾರು ಪ್ರತಿ ಸೆಂಟರ್ ಕಳಿಸಿದ ಫಾರ್ಮ್‌ಗಳ ಸಂಖ್ಯೆ. ಕಳಿಸದವರು ಯಾರು, ಅವರಿಗೆ ನೋಟಿಸ್ ಹೋಗಿದೆಯಾ. ತಪಾಸಣೆಯ ದಿನಾಂಕ, ತಪಾಸಣಾ ವರದಿ, ಸೀಜ್ ಮಾಡಿದ್ದು, ಆಮೇಲೆ ಸೀಲ್ ಬಿಚ್ಚಿಕೊಟ್ಟದ್ದು ಯಾವ ಆದೇಶದ ಮೇಲೆ. ಇದರಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬರುವುದಿಲ್ಲ. ಇನ್ನೊಂದು ಯೋಚಿಸಿ: ಆಲೆಮನೆಯಲ್ಲಿ ಸ್ಕ್ಯಾನ್ ಮಾಡುವವರು ಫಾರ್ಮ್ ಎಫ್ ತುಂಬುತ್ತಾರಾ? ನೀವು ರಾಶಿಗಟ್ಟಲೆ ಫಾರ್ಮ್ ತರಿಸಿಕೊಂಡರೂ ಅದರಲ್ಲಿ ಸಿಗುವುದು ನೋಂದಣಿ ಮಾಡಿಸಿಕೊಂಡವರ ಲೆಕ್ಕ ಮಾತ್ರ. ನೋಂದಣಿಯಿಲ್ಲದ ಯಂತ್ರ ಹುಡುಕಲು ಇಲಾಖೆ ಏನು ಮಾಡಿತು ಅನ್ನುವ ಪ್ರಶ್ನೆಯೇ ನಿಮಗೆ ಹೆಚ್ಚು ಉಪಯೋಗ.

ಗರ್ಭಪಾತದ ದಾಖಲೆಯಂತೂ ಇನ್ನೂ ಬಿಗಿ. ಎಂಟಿಪಿ ನಿಯಮದಡಿ ದಾಖಲಾತಿ ರಿಜಿಸ್ಟರ್ ರಹಸ್ಯ ದಾಖಲೆ, ಬೇರೆ ಕಡೆಯೆಲ್ಲ ಹೆಸರಿನ ಬದಲು ಸೀರಿಯಲ್ ನಂಬರ್. 2021ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 5ಎ ಪ್ರಕಾರ ಹೆಣ್ಣಿನ ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು.

ಪ್ರಶ್ನೆ (ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ಇಟ್ಟಿರುವ ವೈದ್ಯರು): ಮೇಡಂ, ಇಲ್ಲಿ ಎಲ್ಲರೂ ವೈದ್ಯರನ್ನೇ ಕಳ್ಳರ ಹಾಗೆ ನೋಡುತ್ತಿದ್ದೀರಿ. ನಮ್ಮ ಕಡೆ ಆರ್‌ಟಿಐ ಹಾಕಿ, ಆಮೇಲೆ ಕ್ಲಿನಿಕ್‌ಗೆ ಬಂದು 'ಸೆಟಲ್ ಮಾಡ್ಕೊಳ್ಳೋಣ ಡಾಕ್ಟ್ರೇ' ಅನ್ನುವವರಿದ್ದಾರೆ. ನನ್ನ ಮೇಲೆ ಒಂದು ದೂರಿತ್ತು, ವಿಚಾರಣೆಗೆ ಮೊದಲೇ ನೋಟಿಸ್‌ನ ಫೋಟೋ ಊರಿನ ವಾಟ್ಸಾಪ್ ಗ್ರೂಪ್‌ನಲ್ಲಿ. ಆಮೇಲೆ ದೂರು ಬಿದ್ದುಹೋಯಿತು. ಅದು ಯಾವ ಗ್ರೂಪ್‌ನಲ್ಲೂ ಬರಲಿಲ್ಲ. ನಮಗೆ ಖಾಸಗಿತನ ಇಲ್ಲವೇ?

ಉತ್ತರ: ಇದೆ ಡಾಕ್ಟ್ರೇ. ನಿಮ್ಮ ಸಂಕಟ ನಿಜವೇ, ಆ ವಸೂಲಿ ಗಿರಾಕಿಗಳನ್ನು ನಾನೂ ಕಂಡಿದ್ದೇನೆ. ಒಂದೇ ಕೈಬರಹದ ಅರ್ಜಿ ಹತ್ತು ಕ್ಲಿನಿಕ್‌ಗಳ ಮೇಲೆ ಬರುತ್ತಿತ್ತು.

ವಿಚಾರಣೆ ನಡೆಯುವಾಗ ನೋಟಿಸ್, ಹೇಳಿಕೆ ಹೊರಗೆ ಹೋಗಬಾರದು ಅನ್ನುವುದನ್ನು ಒಪ್ಪುತ್ತೇನೆ. ತನಿಖೆಗೆ ಅಡ್ಡಿಯಾಗುವ ಮಾಹಿತಿ ತಡೆಯಲು ಸೆಕ್ಷನ್ 8(1)(ಎಚ್) ಇದೆ. ಮೂರನೆಯವರ ಮಾಹಿತಿ ಕೊಡುವ ಮುಂಚೆ ಸೆಕ್ಷನ್ 11ರಡಿ ಅಧಿಕಾರಿ 5 ದಿನದೊಳಗೆ ನಿಮಗೆ ನೋಟಿಸ್ ಕೊಡಬೇಕು, ನೀವು 10 ದಿನದೊಳಗೆ ಆಕ್ಷೇಪ ಹೇಳಬಹುದು. ಎಷ್ಟೋ ವೈದ್ಯರು ಆ ಪತ್ರವನ್ನು ಒಡೆದೂ ನೋಡುವುದಿಲ್ಲ, ಆಮೇಲೆ ಕೂಗಾಡುತ್ತಾರೆ.

ವಿಚಾರಣೆ ಮುಗಿದ ಮೇಲೆ ಮಾತ್ರ ನಮ್ಮ ದಾರಿ ಬೇರೆ. ನೀವು ತಪ್ಪಿತಸ್ಥರಲ್ಲ ಎಂದು ಆದೇಶ ಬಂದಿದ್ದರೆ, ಅದು ಎಲ್ಲರೂ ನೋಡುವಂತಿದ್ದರೆ ನಿಮಗೇ ಲಾಭ ಅಲ್ಲವೇ? ಮುಚ್ಚಿಟ್ಟ ವಿಚಾರಣೆಯಲ್ಲಿ ನಿರ್ದೋಷಿಯ ಹೆಸರು ಸ್ವಚ್ಛವಾಗುವುದೇ ಇಲ್ಲ, ವಾಟ್ಸಾಪ್ ಫೋಟೋ ಒಂದೇ ದಾಖಲೆಯಾಗಿ ಉಳಿಯುತ್ತದೆ. ಸರ್ಕಾರಿ ನೌಕರರ ಮೆಮೊ, ಶೋಕಾಸ್ ನೋಟಿಸ್‌ಗಳು ವೈಯಕ್ತಿಕ ಮಾಹಿತಿ ಎಂದು 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಹಿಡಿದುಕೊಂಡು ಎಲ್ಲ ಶಿಸ್ತುಕ್ರಮವನ್ನೂ ಮುಚ್ಚುವವರಿದ್ದಾರೆ. ಅದು ಮಾಲೀಕ ಮತ್ತು ನೌಕರರ ನಡುವಿನ ಮಾತು. ವೈದ್ಯರ ನೋಂದಣಿ ಹಾಗಲ್ಲ. ಜನ ನಂಬಿ ಹೊಟ್ಟೆ ಕೊಯ್ಯಿಸಿಕೊಳ್ಳಲು ಕೊಟ್ಟ ಪರವಾನಗಿ ಅದು. ಅದನ್ನು ಆರು ತಿಂಗಳು ಅಮಾನತು ಮಾಡಿದ್ದರೆ ರೋಗಿಗೆ ಗೊತ್ತಾಗಬೇಕು.

ಪ್ರತಿಕ್ರಿಯೆ (ಬ್ರಿಟನ್‌ನಲ್ಲಿರುವ ಸದಸ್ಯರು, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು): ಮಧ್ಯೆ ಬಂದೆ, ಕ್ಷಮಿಸಿ. ಇಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್‌ನ ಜಾಲತಾಣದಲ್ಲಿ ನನ್ನ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು, ಪರವಾನಗಿ ಇದೆಯಾ, ಷರತ್ತು ಇದೆಯಾ ಅಂತ. ಗಂಭೀರ ದೂರಾದರೆ ನ್ಯಾಯಮಂಡಳಿ ವಿಚಾರಣೆ ಸಾಮಾನ್ಯವಾಗಿ ಬಹಿರಂಗ, ತೀರ್ಪು ಪ್ರಕಟವಾಗುತ್ತದೆ. ಅದರಲ್ಲಿ ವೈದ್ಯನ ಹೆಸರಿರುತ್ತದೆ, ರೋಗಿ ಮಾತ್ರ 'ರೋಗಿ ಎ', 'ರೋಗಿ ಬಿ'. ವೈದ್ಯನ ಸ್ವಂತ ಕಾಯಿಲೆಯ ವಿಷಯ ಬಂದರೆ ಅಷ್ಟನ್ನು ಮುಚ್ಚಿದ ಬಾಗಿಲೊಳಗೆ ಕೇಳುತ್ತಾರೆ. ಹೆದರಿಕೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆಟದ ನಿಯಮ ಗೊತ್ತಿರುತ್ತದೆ.

ಉತ್ತರ: ಅದೇ ನಾನು ಹೇಳುತ್ತಿದ್ದದ್ದು, ವೈದ್ಯನ ಕಾಯಿಲೆಯೂ ಗುಟ್ಟೇ. ವೈದ್ಯನೂ ಯಾರದ್ದೋ ರೋಗಿ ತಾನೇ.

ನಮ್ಮಲ್ಲಿ ಇನ್ನೊಂದು ವಿಚಿತ್ರ ಸೇರಿಸಿ. ಹಿಂದೆ ಎಂಸಿಐ (ಭಾರತೀಯ ವೈದ್ಯಕೀಯ ಪರಿಷತ್ತು) ಕಾಲದಲ್ಲಿ ರಾಜ್ಯ ವೈದ್ಯಕೀಯ ಪರಿಷತ್ತಿನ ತೀರ್ಮಾನದ ಮೇಲೆ ನೊಂದವರು ಯಾರೇ ಆಗಲಿ 60 ದಿನದೊಳಗೆ ದೆಹಲಿಗೆ ಮೇಲ್ಮನವಿ ಹಾಕಬಹುದಿತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಸೆಕ್ಷನ್ 30ರಲ್ಲಿ ಮೇಲ್ಮನವಿ ಹಕ್ಕನ್ನು ಬರೆದಿರುವುದು ವೈದ್ಯರಿಗಷ್ಟೇ. ರೋಗಿಗೆ ಮೇಲ್ಮನವಿಯೂ ಕಷ್ಟ, ಕಾರಣವೂ ಸಿಗುವುದಿಲ್ಲ ಅಂದರೆ ಅವನಿಗೆ ಉಳಿಯುವುದು ಗ್ರಾಹಕ ಆಯೋಗ, ಹೈಕೋರ್ಟ್. ಅಲ್ಲಿಗೆ ಹೋದರೆ ಎಲ್ಲವೂ ಬಹಿರಂಗವೇ.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ, ಕಲಬುರಗಿ): ಮೇಡಂ, ಹೆಸರು ತೆಗೆದು ಕೊಟ್ಟರೆ ಸಾಕಲ್ರೀ? ಇಷ್ಟಕ್ಕೆ ಯಾಕಿಷ್ಟು ಗಲಾಟಿ?

ಉತ್ತರ: ಸಾಲದಮ್ಮಾ. ಕೋವಿಡ್ ಕಾಲ ನೆನಪು ಮಾಡಿಕೋ. ಆರೋಗ್ಯ ಇಲಾಖೆಯ ದಿನದ ಬುಲೆಟಿನ್‌ನಲ್ಲಿ ಯಾರ ಹೆಸರೂ ಇರಲಿಲ್ಲ, 'ಪಿ' ಎಂದು ಹಾಕಿ ಒಂದು ಸಂಖ್ಯೆ. ಪಕ್ಕದಲ್ಲಿ ವಯಸ್ಸು, ಗಂಡೋ ಹೆಣ್ಣೋ, ಜಿಲ್ಲೆ, ಎಲ್ಲಿಂದ ಬಂದದ್ದು, ಯಾವ 'ಪಿ'ಯ ಸಂಪರ್ಕ. ಬೆಂಗಳೂರಿನಲ್ಲಿ ಅದು ಬರೀ ಅಂಕಿ. ಒಂದು ಹಳ್ಳಿಯಲ್ಲಿ '34 ವರ್ಷದ ಗಂಡಸು, ಮುಂಬೈನಿಂದ ಬಂದವರು' ಅಂದರೆ ಸಂಜೆಯೊಳಗೆ ಅವನ ಮನೆ ಮುಂದೆ ಜನ ಓಡಾಡುವುದು ನಿಲ್ಲಿಸುತ್ತಿದ್ದರು, ಹಾಲು ಹಾಕುವವನೂ ಬರುತ್ತಿರಲಿಲ್ಲ. 2020ರ ಮಾರ್ಚ್‌ನಲ್ಲಂತೂ ಮನೆಯಲ್ಲೇ ಕ್ವಾರಂಟೈನ್ ಆದವರ ಮನೆ ವಿಳಾಸದ ಪಟ್ಟಿಯನ್ನೇ ಸರ್ಕಾರ ಆನ್‌ಲೈನ್‌ನಲ್ಲಿ ಹಾಕಿತ್ತು. ಹೆಸರಿಲ್ಲದಿದ್ದರೆ ಏನಂತೆ, ಮನೆ ನಂಬರ್ ಇತ್ತಲ್ಲ. ಅದು ಪಾರದರ್ಶಕತೆ ಅಲ್ಲ. ಸರ್ಕಾರ ತನ್ನ ಬಗ್ಗೆ ಏನನ್ನೂ ಹೇಳದೆ ಪ್ರಜೆಯನ್ನು ತೋರಿಸಿಬಿಟ್ಟಿತು. ಆ ದಿನಗಳಲ್ಲಿ ಜನಕ್ಕೆ ಬೇಕಿದ್ದದ್ದು ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ಆಕ್ಸಿಜನ್ ಎಂಬ ಲೆಕ್ಕ.

ಅದೇ ಕಾಲದಲ್ಲಿ ಆರೋಗ್ಯ ಸೇತು ಆ್ಯಪ್‌ನ ವಿಷಯ ನಮ್ಮ ಹೈಕೋರ್ಟ್‌ಗೆ ಹೋಗಿ, 2021ರ ಜನವರಿಯಲ್ಲಿ ಬಳಕೆದಾರರ ಒಪ್ಪಿಗೆಯಿಲ್ಲದೆ ಅವರ ದತ್ತಾಂಶ ಹಂಚಬಾರದು ಎಂದು ಮಧ್ಯಂತರ ಆದೇಶ ಬಂತು. ಅದಕ್ಕೆ ಆಧಾರ 2017ರ ಪುಟ್ಟಸ್ವಾಮಿ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು. ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ.

ಈಗ ಕೆಲಸದ ಮಾತು. ನಮ್ಮ ಕಚೇರಿಯಲ್ಲಿ ಹೆಸರು ಮುಚ್ಚುವುದು ಅಂದರೆ ಗುಮಾಸ್ತರು ಕಪ್ಪು ಮಾರ್ಕರ್ ಎಳೆದು ಕೊಡುವುದು. ಹಾಳೆಯನ್ನು ಕಿಟಕಿಗೆ ಹಿಡಿದರೆ ಶಾಯಿಯ ಹಿಂದೆ ಅಕ್ಷರ ಓದಬಹುದು. ಮಾರ್ಕರ್ ಎಳೆದ ಪ್ರತಿಯನ್ನು ಇನ್ನೊಮ್ಮೆ ಝೆರಾಕ್ಸ್ ಮಾಡಿ ಆ ಝೆರಾಕ್ಸ್ ಕೊಡಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟು ಕಳಿಸುವವರೂ ಇದ್ದಾರೆ, ಆ ಚೌಕವನ್ನು ಯಾರು ಬೇಕಾದರೂ ಸರಿಸಬಹುದು. ಹೆಸರು ಮುಚ್ಚಿದವರು ಐಪಿ (ಒಳರೋಗಿ) ನಂಬರ್ ಬಿಟ್ಟಿರುತ್ತಾರೆ, ಮೂಲೆಯಲ್ಲಿ ಡಿಜಿಟಲ್ ಆರೋಗ್ಯ ಖಾತೆಯ ಆಭಾ ಸಂಖ್ಯೆ, ಜೊತೆಗೆ ಬಂದವರ ಮೊಬೈಲ್, ಒಪ್ಪಿಗೆ ಪತ್ರದ ಸಹಿ. ಜಾತಿ ಕಾಲಂ ಒಂದೇ ಸಾಕು, ಸಣ್ಣ ಊರಿನಲ್ಲಿ ಮನೆ ಗೊತ್ತಾಗಲು. ಅಂಕಿಪಟ್ಟಿ ಕೊಡುವಾಗಲೂ ಒಂದು ಪಂಚಾಯಿತಿಯಲ್ಲಿ ಒಂದೇ ಪ್ರಕರಣ ಇದ್ದರೆ ಅದನ್ನು ತಾಲ್ಲೂಕಿನ ಲೆಕ್ಕಕ್ಕೆ ಸೇರಿಸಿ ಕೊಡಬೇಕು. ಇದಕ್ಕೆ ಅರ್ಧ ಗಂಟೆ ಕೂರಬೇಕಾಗುತ್ತದೆ. ಆ ಅರ್ಧ ಗಂಟೆ ಉಳಿಸಲು ಕೆಲವರು ಎಲ್ಲವನ್ನೂ ಕೊಡುತ್ತಾರೆ, ಹೆಚ್ಚಿನವರು ಏನನ್ನೂ ಕೊಡುವುದಿಲ್ಲ.

ಪ್ರಶ್ನೆ: ಎಚ್‌ಐವಿ, ಮಾನಸಿಕ ಕಾಯಿಲೆ ದಾಖಲೆಗಳನ್ನು ಆರ್‌ಟಿಐನಲ್ಲಿ ಕೇಳಬಹುದಾ? ಮದುವೆ ವಿಚಾರಕ್ಕೆ ಹುಡುಗನ ಬಗ್ಗೆ ತಿಳಿಯಬೇಕಿತ್ತು.

ಉತ್ತರ: ಇಲ್ಲ. 2017ರ ಎಚ್‌ಐವಿ ಕಾಯ್ದೆಯ ಸೆಕ್ಷನ್ 8, ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಸೆಕ್ಷನ್ 23, ಎರಡೂ ಬಾಗಿಲು ಹಾಕಿವೆ. ಹುಡುಗನನ್ನೇ ಕೇಳಿ, ಇಬ್ಬರೂ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ.

ಪ್ರಶ್ನೆ: ಮಂತ್ರಿಗಳು ಜೈಲಿಗೆ ಹೋಗುವ ದಿನವೇ ಎದೆನೋವು ಅಂತ ಆಸ್ಪತ್ರೆ ಸೇರ್ತಾರಲ್ಲ, ಅವರದ್ದು ಕೇಳಬಹುದಾ? 😀

ಉತ್ತರ: ನಗಬೇಡಿ, ಇದರ ಮೇಲೆ ತೀರ್ಪೇ ಇದೆ. ಮಹಾರಾಷ್ಟ್ರದ ಮಂತ್ರಿಯಾಗಿದ್ದ ಸುರೂಪ್‌ಸಿಂಗ್ ನಾಯಕ್ ಅವರಿಗೆ 2006ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ ಒಂದು ತಿಂಗಳ ಜೈಲು ವಿಧಿಸಿತ್ತು. ಆ ಅವಧಿಯ ಬಹುಪಾಲನ್ನು ಅವರು ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಕಳೆದರು. ದಾಖಲೆ ಕೇಳಿ ಆರ್‌ಟಿಐ ಬಂತು. ವೈದ್ಯಕೀಯ ಪರಿಷತ್ತಿನ ಗೋಪ್ಯತೆಯ ನಿಯಮ ಆರ್‌ಟಿಐ ಕಾಯ್ದೆಯನ್ನು ಮೀರುವುದಿಲ್ಲ ಎಂದು 2007ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆಗಿನ 8(1)(ಜೆ) ಬೇರೆಯಿತ್ತು ಅನ್ನುವುದು ನೆನಪಿರಲಿ. ಇವತ್ತು ನಾನಾದರೆ ರಕ್ತದ ರಿಪೋರ್ಟ್ ಕೇಳುವುದಿಲ್ಲ. ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು, ಯಾವ ವೈದ್ಯಾಧಿಕಾರಿಯ ಶಿಫಾರಸು, ಅದೇ ದಿನ ಆ ಜೈಲಿನಿಂದ ಹೀಗೆ ಕಳಿಸಿಕೊಟ್ಟ ಕೈದಿಗಳ ಸಂಖ್ಯೆ ಎಷ್ಟು ಎಂದು ಕೇಳುತ್ತೇನೆ.

ಪ್ರಶ್ನೆ (ಬಳ್ಳಾರಿ): 2024ರ ನವೆಂಬರ್‌ನಲ್ಲಿ ನಮ್ಮಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆಗ ಮಾಧ್ಯಮದವರು ಆ ಹೆಣ್ಣುಮಕ್ಕಳ ಹೆಸರು, ಫೋಟೋ, ಕೂಸಿನ ಫೋಟೋ ಎಲ್ಲಾ ಹಾಕಿದರು. ಹಾಗೆ ಹಾಕಿದ್ದರಿಂದಲೇ ಸರ್ಕಾರ ಎಚ್ಚೆತ್ತದ್ದು ಅಲ್ಲವಾ ಮೇಡಂ? ನೀವು ಹೇಳುವ ಹಾಗೆ ಮುಚ್ಚಿದ್ದರೆ?

ಉತ್ತರ: ಈ ಪ್ರಶ್ನೆ ಕಷ್ಟದ್ದು. ಹೌದು, ಮುಖ ಕಂಡಾಗಲೇ ಸರ್ಕಾರಕ್ಕೆ ಬಿಸಿ ತಟ್ಟುತ್ತದೆ, ಅದನ್ನು ಅಲ್ಲಗಳೆಯಲಾರೆ. ಮನೆಯವರೇ ಮುಂದೆ ಬಂದು ಹೆಸರು ಹೇಳಿ ನ್ಯಾಯ ಕೇಳಿದರೆ ಅದು ಅವರ ಹಕ್ಕು. ಯಾವ ಅಧಿಕಾರಿಯೂ ಅವರಿಗೆ ಖಾಸಗಿತನದ ಪಾಠ ಹೇಳಬೇಕಿಲ್ಲ.

ಆದರೆ ಸರ್ಕಾರ ತಾನಾಗಿ ಬಯಲು ಮಾಡಬೇಕಾದದ್ದು ಬೇರೆ. ಆ ಪ್ರಕರಣದಲ್ಲಿ ಜನಕ್ಕೆ ಗೊತ್ತಾಗಬೇಕಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಯ ಕಥೆ: ಯಾವ ಬ್ಯಾಚ್, ಯಾವ ಪ್ರಯೋಗಾಲಯ ಏನು ವರದಿ ಕೊಟ್ಟಿತು, ತಡೆಹಿಡಿದದ್ದನ್ನು ಮತ್ತೆ ಬಳಕೆಗೆ ಬಿಟ್ಟದ್ದು ಯಾರ ಸಹಿಯ ಮೇಲೆ. ಇದಕ್ಕೆ ಯಾವ ಬಾಣಂತಿಯ ಹೆಸರೂ ಬೇಕಿಲ್ಲ. ಆಮೇಲೆ ಸರ್ಕಾರ ರಾಜ್ಯದ 464 ತಾಯಂದಿರ ಸಾವಿನ ಲೆಕ್ಕಪರಿಶೋಧನೆ ಮಾಡಿಸಿ 2025ರಲ್ಲಿ ವರದಿ ಹೊರಗಿಟ್ಟಿತು. ಅದರಲ್ಲಿ ಶೇಕಡಾ 70ರಷ್ಟು ಸಾವುಗಳನ್ನು ತಪ್ಪಿಸಬಹುದಿತ್ತು ಎಂದಿತ್ತು. ಒಬ್ಬರ ಹೆಸರೂ ಇಲ್ಲದ ಆ ಒಂದು ಅಂಕಿ ಇಲಾಖೆಯ ಮೇಲೆ ಹೊರಿಸಿದ ಆರೋಪ ಯಾವ ಫೋಟೋಗೂ ಕಡಿಮೆಯಲ್ಲ.

ಇಲ್ಲಿ ನನ್ನ ಒಂದು ಕಳವಳ ಹೇಳುತ್ತೇನೆ. ತಾಯಿ ಮರಣ ವಿಮರ್ಶೆಯ ಸಭೆಯಲ್ಲಿ ನರ್ಸ್ ಒಬ್ಬಳು 'ರಾತ್ರಿ ಡಾಕ್ಟರ್ ಇರಲಿಲ್ಲ, ಆಂಬುಲೆನ್ಸ್‌ಗೆ ಡೀಸೆಲ್ ಇರಲಿಲ್ಲ' ಎಂದು ಬಾಯಿ ಬಿಡುವುದು ಆ ಮಾತು ತನ್ನ ಕುತ್ತಿಗೆಗೆ ಬರುವುದಿಲ್ಲ ಎಂಬ ಭರವಸೆಯಲ್ಲಿ. ಆ ನಡಾವಳಿಯನ್ನು ಹೆಸರು ಸಮೇತ ಆರ್‌ಟಿಐನಲ್ಲಿ ಕೊಟ್ಟರೆ ಮುಂದಿನ ಸಭೆಯಲ್ಲಿ ಎಲ್ಲರೂ 'ರೋಗಿ ತಡವಾಗಿ ಬಂದರು' ಎಂದೇ ಬರೆಸುತ್ತಾರೆ. ಹಾಗಾಗಿ ಯಾರು ಹೇಳಿದರು ಎಂಬುದು ಒಳಗಿರಲಿ. ಡೀಸೆಲ್ ಇರಲಿಲ್ಲ ಎಂಬುದು, ಅದಕ್ಕೆ ಇಲಾಖೆ ಮಾಡಿದ್ದೇನು ಎಂಬುದು ಹೊರಬರಲಿ.

ಪ್ರಶ್ನೆ (ಮೊದಲನೆಯ ಸದಸ್ಯರು ಮತ್ತೆ): ಮೇಡಂ, ಆಸ್ಪತ್ರೆ ಖಾಸಗಿಯದ್ದು. ಅವರ ಐಸಿಯುನಲ್ಲಿ ಆ ದಿನ ಸೌಲಭ್ಯ ಸರಿಯಿತ್ತಾ ಅಂತ ಹೇಗೆ ತಿಳಿಯುವುದು? ಖಾಸಗಿಯವರಿಗೆ ಆರ್‌ಟಿಐ ಇಲ್ಲವಲ್ಲ. ಅರ್ಜಿ ಹೇಗೆ ಬರೆಯಲಿ, ಒಂದು ಮಾದರಿ ಹಾಕಿ ದಯವಿಟ್ಟು.

ಉತ್ತರ: ಆಸ್ಪತ್ರೆಗೆ ನೇರ ಹಾಕಲಾಗದು. ಆದರೆ ಬೇರೆ ಕಾನೂನಿನಡಿ ಸರ್ಕಾರ ಪಡೆಯಬಹುದಾದ ಖಾಸಗಿ ಸಂಸ್ಥೆಯ ಮಾಹಿತಿಯೂ 'ಮಾಹಿತಿ'ಯೇ ಎಂದು ಸೆಕ್ಷನ್ 2(ಎಫ್) ಹೇಳುತ್ತದೆ. ಆ ಬೇರೆ ಕಾನೂನು ನಮ್ಮ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ, 2007ರದ್ದು. ವೈದ್ಯರ ದೊಡ್ಡ ಮುಷ್ಕರದ ನಡುವೆ 2017ರಲ್ಲಿ ತಿದ್ದುಪಡಿ ಆಯಿತಲ್ಲ, ಅದೇ. ಅದರಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಅರ್ಜಿ ಅಲ್ಲಿಗೆ. ಹೀಗೆ ಬರೆಯಿರಿ:

'ವಿಷಯ: ಇಂತಹ ಕೆಪಿಎಂಇ ನೋಂದಣಿ ಸಂಖ್ಯೆಯ ಆಸ್ಪತ್ರೆಯ ತಪಾಸಣೆ ಕುರಿತು. ಇಂಥ ದಿನದಿಂದ ಇಂಥ ದಿನದವರೆಗೆ ಸದರಿ ಆಸ್ಪತ್ರೆಯ ನೋಂದಣಿ ಮತ್ತು ನವೀಕರಣಕ್ಕೆ ಮುನ್ನ ನಡೆದ ತಪಾಸಣಾ ವರದಿಗಳು, ಕಂಡುಬಂದ ಕೊರತೆಗಳಿಗೆ ನೀಡಿದ ನೋಟಿಸ್‌ಗಳು, ಆಸ್ಪತ್ರೆಯ ಅನುಪಾಲನಾ ಉತ್ತರ, ಹಾಗೂ ಇಂಥ ದಿನಾಂಕದ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಒದಗಿಸಿ. ಬೇರೆ ರೋಗಿಗಳ ಹೆಸರು, ವಿಳಾಸ, ರೋಗದ ವಿವರ ನನಗೆ ಬೇಡ, ಇದ್ದಲ್ಲಿ ಸೆಕ್ಷನ್ 10ರಂತೆ ಬೇರ್ಪಡಿಸಿ ಉಳಿದದ್ದು ಕೊಡಿ. ನಿರಾಕರಿಸುವುದಾದರೆ ಸೆಕ್ಷನ್ 8(2)ರಂತೆ ಸಾರ್ವಜನಿಕ ಹಿತ ಪರಿಶೀಲಿಸಿದ ಕಾರಣ ದಾಖಲಿಸಿ.'

'ಬೇರೆ ರೋಗಿಗಳ ವಿವರ ಬೇಡ' ಎಂದು ನೀವೇ ಮೊದಲು ಬರೆದುಬಿಟ್ಟರೆ ಅವರ ದೊಡ್ಡ ನೆಪ ಅಲ್ಲಿಗೆ ಹೋಯಿತು. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, ಬಿಪಿಎಲ್ ಇದ್ದರೆ ಉಚಿತ. 30 ದಿನದಲ್ಲಿ ಉತ್ತರ ಬರಬೇಕು, ಆಸ್ಪತ್ರೆಗೆ ಸೆಕ್ಷನ್ 11ರ ನೋಟಿಸ್ ಹೋದರೆ 40 ದಿನ. ಹಳೆಯ ನಿರಾಕರಣೆಯ ಪತ್ರ ನಿಮ್ಮ ಕೈಗೆ ಬಂದ ದಿನದಿಂದ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿ, ಮೊದಲು ಆ ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡಿಕೊಳ್ಳಿ.

ಅದೇ ಸದಸ್ಯರು: ತುಂಬಾ ಉಪಕಾರ ಮೇಡಂ. ಇದರ ಜೊತೆ ಆ ಆಸ್ಪತ್ರೆಯ ದರಪಟ್ಟಿ, ಅಗ್ನಿಶಾಮಕದ ಎನ್‌ಒಸಿ ಕೂಡ ಸೇರಿಸಲಾ?

ಉತ್ತರ: ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇದನ್ನೇ ತೋರಿಸಿ ವಾಪಸ್ ಕಳಿಸುತ್ತಾರೆ. ಅದಕ್ಕೆ ಬೇರೆ ಅರ್ಜಿ, ಬೇರೆ ಹತ್ತು ರೂಪಾಯಿ.